ಬರೀ ನವಣೆಯ ಮೇಲೆ ಒಂದು ಬದುಕು

"ನಮ್ಮ ಹಕ್ಕಿ ಸೊಪ್ಪು, ತರಕಾರಿ ಮುಟ್ಟುವುದೇ ಇಲ್ಲ." ಲವ್ ಬರ್ಡ್ಸ್ ಸಾಕಿದ ಮನೆಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ಹಾಗೆ ಹೇಳುವವರಿಗೆ ಹಕ್ಕಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಒಂದೆರಡು ದಿನ ಕೊತ್ತಂಬರಿ ಎಸಳು ಸಿಕ್ಕಿಸಿಟ್ಟಿರುತ್ತಾರೆ, ಕ್ಯಾರೆಟ್ ತುರಿದು ಹಾಕಿರುತ್ತಾರೆ. ಹಕ್ಕಿ ಅದರ ಹತ್ತಿರವೂ ಸುಳಿದಿರುವುದಿಲ್ಲ. ಸಂಜೆ ಬಾಡಿದ ಸೊಪ್ಪನ್ನು ಎಸೆದು, ಇದಕ್ಕೆ ಹಿಡಿಸುವುದಿಲ್ಲ ಎಂದು ತೀರ್ಮಾನಿಸಿ, ಮತ್ತೆ ನವಣೆಯ ಬಟ್ಟಲು ತುಂಬಿಸಿರುತ್ತಾರೆ. ಹಕ್ಕಿಯ ಇಡೀ ಆಯುಸ್ಸಿನ ಊಟ ಆ ಒಂದೆರಡು ದಿನಗಳಲ್ಲೇ ನಿರ್ಧಾರವಾಗಿಬಿಡುತ್ತದೆ.

ಈ ತೀರ್ಮಾನವನ್ನು ಒಪ್ಪಬಾರದು ಎಂಬುದು ನನ್ನ ವಾದ. ಸೊಪ್ಪು ಹಿಡಿಸಲಿಲ್ಲ ಎನ್ನುವಾಗ ನಾವು ನಮ್ಮ ನಾಲಿಗೆಯ ಅನುಭವವನ್ನು ಹಕ್ಕಿಯ ಮೇಲೆ ಹೊರಿಸುತ್ತಿರುತ್ತೇವೆ. ಮನುಷ್ಯರ ಬಾಯಲ್ಲಿ ಸಾವಿರಾರು ರುಚಿಮೊಗ್ಗುಗಳಿವೆ. ಗಿಳಿ ಜಾತಿಯ ಹಕ್ಕಿಗಳಲ್ಲಿ ಇರುವುದು ಕೆಲವು ನೂರು. ಅಷ್ಟಕ್ಕೂ ಕೊಕ್ಕಿಗೇ ಸೋಕದ ವಸ್ತುವಿನ ರುಚಿ ಅದಕ್ಕೆ ಹಿಡಿಸಲಿಲ್ಲ ಎಂದು ಹೇಳುವುದು ಹೇಗೆ? ಆ ಹಸಿರು ಎಸಳು ಅದರ ಕಣ್ಣಿಗೆ ತಿನ್ನುವ ವಸ್ತುವಾಗಿ ಕಂಡೇ ಇಲ್ಲ. ಹಾಗೆ ಕಾಣುವಂತೆ ಮಾಡುವುದು ಯಾರ ಕೆಲಸ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ, ಬೆನ್ನ ಮೇಲೆ ಅಲೆಯಲೆಯಾಗಿ ಗೆರೆಗಳಿರುವ ಈ ಪುಟ್ಟ ಗಿಳಿಯ ಹೆಸರು ಬಡ್ಜರಿಗಾರ್, ಚಿಕ್ಕದಾಗಿ ಬಡ್ಜಿ. ತೂಕ 30ರಿಂದ 40 ಗ್ರಾಂ. ಅದರ ತವರು ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ. 1805ರಲ್ಲಿ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ ಅದನ್ನು ಮೊದಲಿಗೆ ವರ್ಣಿಸಿದ. 1840ರಲ್ಲಿ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಅದು ಜಗತ್ತಿನ ಪಂಜರಗಳನ್ನೆಲ್ಲ ತುಂಬಿತು. ನಮ್ಮ ನಾಡಿನ ಗಿಳಿಗಳನ್ನು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ತಲೆಮಾರುಗಳಿಂದ ಪಂಜರದಲ್ಲೇ ಮರಿಯಾಗುತ್ತ ಬಂದ ಬಡ್ಜಿಗೆ ಆ ತಡೆಯಿಲ್ಲ. ಗಿಳಿ ಬೇಕೆಂದು ಮಕ್ಕಳು ಹಠ ಹಿಡಿದ ಮನೆಗೆ ಹೆಚ್ಚಾಗಿ ಇದೇ ಬಂದು ಸೇರುವುದು ಆ ಕಾರಣಕ್ಕೆ.

ನನ್ನ ಮಾತಿಗೆ ಬರುವ ಮೊದಲ ಆಕ್ಷೇಪವೂ ಆಸ್ಟ್ರೇಲಿಯಾದಿಂದಲೇ ಬರುತ್ತದೆ. ಕಾಡಿನ ಬಡ್ಜಿ ತಿನ್ನುವುದು ಕಾಳನ್ನಲ್ಲವೇ, ಕ್ಯಾರೆಟ್ಟನ್ನು ಅದು ಎಲ್ಲಿ ಕಂಡಿತ್ತು ಎಂದು ಕೇಳುತ್ತಾರೆ. ಆಕ್ಷೇಪ ಹುಸಿಯಲ್ಲ. ಅಲ್ಲಿನ ಬಡ್ಜಿಗಳ ಆಹಾರ ಹೆಚ್ಚುಕಡಿಮೆ ಪೂರ್ತಿಯಾಗಿ ಹುಲ್ಲಿನ ಮತ್ತು ಸಣ್ಣ ಗಿಡಗಳ ಬೀಜವೇ. ಆದರೆ ಆ ಬೀಜದ ಜೊತೆಗೆ ಇರುವ ಬದುಕನ್ನೂ ನೋಡಬೇಕು. ಸ್ಪಿನಿಫೆಕ್ಸ್, ಮಿಚೆಲ್ ಹುಲ್ಲು ಮೊದಲಾಗಿ ಹತ್ತಾರು ಬಗೆಯ ಕಾಳನ್ನು ನೆಲದಿಂದ ಹೆಕ್ಕುತ್ತದೆ. ಮಳೆ ಬಿದ್ದ ಕಡೆಗೆ, ಹುಲ್ಲು ತೆನೆಗಟ್ಟಿದ ಕಡೆಗೆ ಹಿಂಡು ಹಿಂಡಾಗಿ ವಲಸೆ ಹೋಗುತ್ತದೆ. ನೀರಿಗಾಗಿ, ಮೇವಿಗಾಗಿ ದಿನವೂ ಬಹುದೂರ ಹಾರುತ್ತದೆ. ತಿಂದದ್ದೆಲ್ಲ ರೆಕ್ಕೆಯಲ್ಲಿ ಕರಗುತ್ತದೆ. ನಮ್ಮ ವರಾಂಡದ ಹಕ್ಕಿಗೆ ಸಿಗುವುದು ಒಂದು ಬಗೆಯ ಕಾಳು, ಹೆಚ್ಚೆಂದರೆ ಎರಡು. ಅದೂ ಮೂಟೆಯಲ್ಲಿ ತಿಂಗಳುಗಟ್ಟಲೆ ಕೂತದ್ದು. ಹಾರಾಟ ಎಂದರೆ ಈ ಕೋಲಿನಿಂದ ಆ ಕೋಲಿಗೆ. ಕಾಡಿನ ಬದುಕಿನಿಂದ ಮಿಕ್ಕದ್ದನ್ನೆಲ್ಲ ಕಿತ್ತುಕೊಂಡು ಕಾಳೊಂದನ್ನೇ ಉಳಿಸಿ, ಇದೇ ಅದರ ಸಹಜ ಆಹಾರ ಎನ್ನುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ನಮ್ಮ ನಾಡಿನದೇ. ನವಣೆ ಸಿರಿಧಾನ್ಯ, ಸಕ್ಕರೆ ಕಾಯಿಲೆಯವರಿಂದ ಹಿಡಿದು ಜಿಮ್ಮಿಗೆ ಹೋಗುವವರ ತನಕ ಎಲ್ಲರೂ ಹುಡುಕಿಕೊಂಡು ಹೋಗುತ್ತಾರೆ, ಹಕ್ಕಿಗೆ ಮಾತ್ರ ಅದು ಸಾಲದೇ ಎನ್ನುತ್ತಾರೆ. ನವಣೆ ಒಳ್ಳೆಯ ಧಾನ್ಯ ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ನವಣೆ ಅನ್ನವನ್ನು ನಾವು ಬರಿದೇ ಉಣ್ಣುತ್ತೇವೆಯೇ? ಜೊತೆಗೆ ಬಸ್ಸಾರು ಬೇಕು, ಪಲ್ಯ ಬೇಕು, ಮಜ್ಜಿಗೆ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಆಹಾರ ಪಟ್ಟಿಯನ್ನು ತೆರೆದು ನೋಡಿದರೆ, 100 ಗ್ರಾಂ ನವಣೆಯಲ್ಲಿ ಸುಣ್ಣದಂಶ ಸುಮಾರು 31 ಮಿಲಿಗ್ರಾಂ, ರಂಜಕ 290 ಮಿಲಿಗ್ರಾಂ. ಹಕ್ಕಿಯ ಮೂಳೆಗೂ ಮೊಟ್ಟೆಗೂ ಬೇಕಾದ್ದು ರಂಜಕಕ್ಕಿಂತ ಸುಣ್ಣ ಹೆಚ್ಚಿರುವ ಆಹಾರ. ಇಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಅದೇ ಪಟ್ಟಿಯಲ್ಲಿ ನುಗ್ಗೆ ಸೊಪ್ಪಿನ ಸಾಲಿಗೆ ಬನ್ನಿ: ಸುಣ್ಣ 440, ರಂಜಕ 70. ದೇಹದೊಳಗೆ ಎ ಜೀವಸತ್ವವಾಗಿ ಬದಲಾಗುವ ಕ್ಯಾರೋಟಿನ್ ನವಣೆಯಲ್ಲಿ ಹೆಸರಿಗೆ ಮಾತ್ರ. ನುಗ್ಗೆ ಸೊಪ್ಪಿನಲ್ಲೂ ಕೊತ್ತಂಬರಿಯಲ್ಲೂ ಅದರ ನೂರಾರು ಪಟ್ಟು.

ಎ ಜೀವಸತ್ವ ಕಡಿಮೆಯಾದರೆ ಬಾಯಿ, ಮೂಗು, ಉಸಿರುನಾಳಗಳ ಒಳಗಿನ ತೇವದ ಪೊರೆ ಗಡುಸಾಗಿ ದಪ್ಪಗಾಗುತ್ತದೆ. ಲೋಳೆ ಸುರಿಸಿ ಸೋಂಕನ್ನು ತಡೆಯುವ ಕೆಲಸ ಅದರಿಂದ ಆಗುವುದಿಲ್ಲ. ಬಾಯೊಳಗೆ ಬಿಳಿ ಗಂಟುಗಳು ಏಳುತ್ತವೆ, ಮೂಗು ಕಟ್ಟುತ್ತದೆ, ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಹಾರಾಟವಿಲ್ಲದೆ ಬರೀ ಕಾಳು, ಅದರಲ್ಲೂ ಎಣ್ಣೆಯಂಶದ ಸೂರ್ಯಕಾಂತಿ ಬೀಜ ತಿಂದ ಹಕ್ಕಿಯ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಎದೆಯ ಮೇಲೆ ಕೊಬ್ಬಿನ ಗಂಟು ಬೆಳೆಯುತ್ತದೆ. ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಸಾಯುವ ಹೆಣ್ಣುಗಳ ಹಿಂದೆ ಎಷ್ಟೋ ಸಲ ಸುಣ್ಣದ ಕೊರತೆಯಿರುತ್ತದೆ. ಇವೆಲ್ಲ ಒಂದೇ ದಿನದಲ್ಲಿ ಬರುವುದಿಲ್ಲ. ಹಕ್ಕಿ ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ. ಬೇಟೆಯಾಗುವ ಜೀವಿಗಳು ಕಾಯಿಲೆಯನ್ನು ತೋರಗೊಡುವುದಿಲ್ಲ. ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಮುದುಡಿ ಕೂತಿರುವುದನ್ನು ಕಂಡಾಗ ಕಾಲ ಮೀರಿರುತ್ತದೆ. ದೊಡ್ಡ ನಗರಗಳನ್ನು ಬಿಟ್ಟರೆ ಹಕ್ಕಿಗಳನ್ನೇ ನೋಡುವ ವೈದ್ಯರು ನಮ್ಮಲ್ಲಿ ಸಿಗುವುದು ಕಷ್ಟ. ದನ ಕುರಿ ನೋಡುವ ಡಾಕ್ಟರ ಮುಂದೆ 30 ಗ್ರಾಂ ತೂಕದ ಹಕ್ಕಿಯನ್ನು ಹಿಡಿದು ನಿಂತವರಿಗೆ ಆ ಸಂಕಟ ಗೊತ್ತು.

ಸೊಪ್ಪು ಎಲ್ಲವನ್ನೂ ತುಂಬಿಕೊಡುವುದಿಲ್ಲ ಎಂದೂ ಹೇಳಲೇಬೇಕು. ಬಡ್ಜಿಗಳಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದುಂಟು. ಉಬ್ಬಿದ ಗ್ರಂಥಿ ಉಸಿರುನಾಳವನ್ನು ಒತ್ತಿ, ಹಕ್ಕಿ ಉಸಿರೆಳೆದಾಗಲೆಲ್ಲ ಕೀಚು ಸದ್ದು ಕೇಳುತ್ತದೆ. ಅದಕ್ಕೆ ಅಯೋಡಿನ್ ಇರುವ ಖನಿಜದ ಗಟ್ಟಿ ಪಂಜರದಲ್ಲಿರಬೇಕು. ಹಾಗೆಂದು ನೀರಿಗೆ ಟಾನಿಕ್ ಹನಿ ಹಾಕಿ ಸುಮ್ಮನಾಗುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಣನಾಡಿನ ಈ ಹಕ್ಕಿ ಕುಡಿಯುವುದೇ ದಿನಕ್ಕೆ ಕೆಲವು ಹನಿ. ವಾಸನೆ ಬದಲಾದರೆ ಅದನ್ನೂ ಬಿಡುತ್ತದೆ.

ಹಾಗಾದರೆ ಹಕ್ಕಿ ಏಕೆ ತಿನ್ನುವುದಿಲ್ಲ? ಬಡ್ಜಿ ಹಿಂಡಿನ ಹಕ್ಕಿ. ಯಾವುದು ತಿನ್ನುವಂಥದ್ದು, ಯಾವುದು ಅಲ್ಲ ಎಂಬುದನ್ನು ಮರಿ ಕಲಿಯುವುದು ತಂದೆತಾಯಿ ಮತ್ತು ಜೊತೆಯವರನ್ನು ನೋಡಿ. 1965ರಲ್ಲಿ ಡಾಸನ್ ಮತ್ತು ಫಾಸ್ ಎಂಬ ಸಂಶೋಧಕರು ಮಾಡಿದ ಒಂದು ಪ್ರಯೋಗವಿದೆ. ಕಾಳಿನ ಬಟ್ಟಲಿಗೆ ಮುಚ್ಚಳ ಇಟ್ಟರು. ತೆಗೆಯಲು ಕಲಿತ ಹಕ್ಕಿಗಳಲ್ಲಿ ಒಂದು ಕಾಲಿನಿಂದ ಸರಿಸುತ್ತಿತ್ತು, ಇನ್ನೊಂದು ಕೊಕ್ಕಿನಿಂದ. ಇವನ್ನು ನೋಡುತ್ತ ಕೂತಿದ್ದ ಬೇರೆ ಬಡ್ಜಿಗಳು ತಮ್ಮ ಸರದಿ ಬಂದಾಗ, ತಾವು ಕಂಡ ರೀತಿಯಲ್ಲೇ ಮುಚ್ಚಳ ತೆಗೆದವು. 1986ರಲ್ಲಿ ಇದನ್ನು ಮರಳಿ ಪರೀಕ್ಷಿಸಿದಾಗ ಪರಿಣಾಮ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ಸುಳ್ಳೆಂದೂ ಆಗಲಿಲ್ಲ. ಒಂದು ಬಡ್ಜಿ ಆಕಳಿಸಿದರೆ ನೋಡಿದ ಇನ್ನೊಂದಕ್ಕೂ ಆಕಳಿಕೆ ಬರುತ್ತದೆ ಎಂಬುದು 2015ರ ಒಂದು ಅಧ್ಯಯನದಲ್ಲಿ ಕಂಡುಬಂತು. ಇಷ್ಟು ಗಾಢವಾಗಿ ಪರಸ್ಪರ ನೋಡಿ ಬದುಕುವ ಜೀವಿಯನ್ನು ಒಂಟಿಯಾಗಿ ತಂದು, ಹಿಂದೆಂದೂ ಕಂಡಿರದ ಎಲೆಯನ್ನು ಮುಂದಿಟ್ಟು, ತಿನ್ನು ಎಂದರೆ ಅದು ಯಾರನ್ನು ನೋಡಿ ತಿನ್ನಬೇಕು? ಹಿಂಡಿನಿಂದ ಅದನ್ನು ಬಿಡಿಸಿ ತಂದವರು ನಾವು. ಈಗ ಅದಕ್ಕೆ ಹಿಂಡೂ ನಾವೇ. ತಿಂದು ತೋರಿಸುವ ಕೆಲಸ ನಮ್ಮ ಮೇಲೆ ಬೀಳುತ್ತದೆ.

ಮೈಸೂರಿನ ಪರಿಚಿತರ ಮನೆಯೊಂದರಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಮನೆಯ ಅಜ್ಜಿ ಬೆಳಕು ಚೆನ್ನಾಗಿದೆ ಎಂದು ಪಂಜರವಿರುವ ಜಗಲಿಯಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಿಡಿಸುತ್ತಲೇ ಒಂದೆರಡು ಕೊತ್ತಂಬರಿ ಎಳೆ ಬಾಯಿಗೆ ಹಾಕಿಕೊಳ್ಳುವುದು, ಒಂದನ್ನು ಪಂಜರದ ಕಂಬಿಗೆ ಸಿಕ್ಕಿಸುವುದು ಅವರ ರೂಢಿ. "ಅದು ತಿನ್ನಲ್ಲ, ಬಿಡಜ್ಜಿ" ಎಂದು ಮೊಮ್ಮಗ ಹೇಳಿದರೆ, "ತಿನ್ನದಿದ್ರೆ ಬೇಡ ಕಣೋ, ನಾನಂತೂ ತಿಂತೀನಿ" ಎನ್ನುವರು. ಮೊದಮೊದಲು ಹಕ್ಕಿ ಗರಿಗಳನ್ನು ಮೈಗೆ ಬಿಗಿದುಕೊಂಡು, ಸಪೂರವಾಗಿ ನೆಟ್ಟಗಾಗಿ, ಆ ಎಳೆಯಿಂದ ಆದಷ್ಟು ದೂರ ಕೂರುತ್ತಿತ್ತು. ಬರಬರುತ್ತ ಕೆಳಗಿನ ಕೋಲಿಗೆ ಇಳಿಯಿತು. ತಲೆ ಓರೆ ಮಾಡಿ, ಒಂದೇ ಕಣ್ಣಿನಿಂದ ಅಜ್ಜಿಯ ಬಾಯಿಯನ್ನೇ ನೋಡುತ್ತಿತ್ತು. ಒಂದು ದಿನ ತೊಳೆದು ನೀರು ತೊಟ್ಟಿಕ್ಕುವ ಕಟ್ಟನ್ನೇ ಅವರು ಕಂಬಿಗೆ ಸಿಕ್ಕಿಸಿದಾಗ, ಹಕ್ಕಿ ಅದರೊಳಗೆ ತಲೆ ತೂರಿಸಿ ಮೈಯೆಲ್ಲ ಉಜ್ಜಿಕೊಂಡು ಸ್ನಾನ ಮಾಡಿತು. ಆಮೇಲೆ ಒಂದು ಎಸಳನ್ನು ಕಚ್ಚಿ ಕೆಳಗೆ ಬೀಳಿಸಿತು. ಇನ್ನೊಂದನ್ನು ಕಚ್ಚಿ ಸ್ವಲ್ಪ ಹೊತ್ತು ನಾಲಿಗೆಯಲ್ಲಿ ಆಡಿಸಿತು. ಅಜ್ಜಿ ಕೆಲಸ ನಿಲ್ಲಿಸಿ ನೋಡಲಿಲ್ಲ, ಮೊಮ್ಮಗನನ್ನು ಕೂಗಲೂ ಇಲ್ಲ. ಹಕ್ಕಿಗೆ ಧೈರ್ಯ ಕೊಟ್ಟದ್ದು ಆ ನಿರುಮ್ಮಳವೂ ಹೌದು ಎಂದು ನನಗೆ ಅನ್ನಿಸುತ್ತದೆ.

ಅಲ್ಲಿ ನಡೆದದ್ದರಲ್ಲಿ ಬಹುಪಾಲು ವಿಧಾನ ಅಡಗಿದೆ. ಬಡ್ಜಿಗಳು ಒದ್ದೆ ಎಲೆಗೆ ಮೈಯುಜ್ಜಿ ಸ್ನಾನ ಮಾಡುವ ಹಕ್ಕಿಗಳು. ಆದ್ದರಿಂದ ಒದ್ದೆ ಸೊಪ್ಪು ಮೊದಲು ಆಟವಾಗಿ, ಸ್ನಾನವಾಗಿ ಪರಿಚಯವಾದರೂ ಸಾಕು. ಕತ್ತರಿಸಿ ಬಟ್ಟಲಲ್ಲಿಟ್ಟ ಚೂರಿಗಿಂತ ಮೇಲೆ ತೂಗುವ ಕಟ್ಟು ಹಕ್ಕಿಯನ್ನು ಬೇಗ ಸೆಳೆಯುತ್ತದೆ. ಅದಕ್ಕೂ ಹೆದರುವ ಹಕ್ಕಿಗೆ ಮೊಳಕೆಯ ದಾರಿಯಿದೆ. ಗೊತ್ತಿರುವ ನವಣೆಯನ್ನೇ ರಾತ್ರಿ ನೆನೆಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಇಣುಕಿದಾಗ ತೊಳೆದು ಕೊಡಿ; ರಾಗಿಯನ್ನೂ ಹಾಗೆಯೇ ಮಾಡಬಹುದು. ಕಾಳು ಹಳೆಯದೇ, ಆದರೆ ಮೆತ್ತಗಿದೆ, ತೇವವಿದೆ. ಆ ತೇವದ ಕಾಳಿಗೆ ಸಣ್ಣಗೆ ಹೆಚ್ಚಿದ ಸೊಪ್ಪು, ತುರಿದ ಕ್ಯಾರೆಟ್ ಬೆರೆಸಿದರೆ, ಕಾಳು ಹುಡುಕುವ ಕೊಕ್ಕಿಗೆ ಹಸಿರು ತಾನಾಗಿ ಅಂಟುತ್ತದೆ. ಇದನ್ನು ಬೆಳಿಗ್ಗೆ ಹಸಿವಿರುವಾಗ ಇಡಬೇಕು. ಒಣಕಾಳನ್ನು ಸ್ವಲ್ಪ ತಡವಾಗಿ ಕೊಡಬೇಕು. ನಮ್ಮ ಬೇಸಿಗೆಯಲ್ಲಿ ಮೊಳಕೆ ಬೇಗ ಹಳಸುತ್ತದೆ, ಎರಡು ಮೂರು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಬಿಡಬೇಡಿ. ಸೊಪ್ಪು ತಿನ್ನುವ ಇನ್ನೊಂದು ಬಡ್ಜಿ ಪಕ್ಕದಲ್ಲಿದ್ದರಂತೂ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ಇಲ್ಲಿ ಇನ್ನೊಂದು ಬಣದವರನ್ನೂ ಎದುರಿಸಬೇಕು. "ಕಾಳು ತೆಗೆದುಬಿಡಿ, ಹಸಿದರೆ ತಾನೇ ತಿನ್ನುತ್ತೆ" ಎನ್ನುವವರು. ನಾಯಿಯ ವಿಷಯದಲ್ಲಿ ನಡೆಯಬಹುದಾದ ಈ ಮಾತು ಬಡ್ಜಿಯ ಪ್ರಾಣ ತೆಗೆಯುತ್ತದೆ. ಅಷ್ಟು ಸಣ್ಣ ದೇಹ, ಅಷ್ಟು ವೇಗದ ಉರಿ. ಒಂದೆರಡು ದಿನ ಹೊಟ್ಟೆ ಖಾಲಿಯಿದ್ದರೆ ತಡೆಯಲಾರದು. ಮೇಲಾಗಿ ಎಲೆಯನ್ನು ಆಹಾರವೆಂದೇ ತಿಳಿಯದ ಹಕ್ಕಿ ಹಸಿದು ಸಾಯುತ್ತದೆಯೇ ಹೊರತು ಎಲೆ ತಿನ್ನುವುದಿಲ್ಲ. ಗೊತ್ತಿಲ್ಲದ್ದಕ್ಕೆ ಶಿಕ್ಷೆ ಕೊಡುವುದು ಕಲಿಸಿದಂತೆ ಆಗುವುದಿಲ್ಲ.

ಹಸಿವಿನ ವಿಷಯದಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ಬಡ್ಜಿ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ತಿರುಗಿಸಿ, ಸಿಪ್ಪೆ ಸೀಳಿ, ಒಳಗಿನದನ್ನು ನುಂಗಿ, ಹೊಟ್ಟನ್ನು ಬಟ್ಟಲಿಗೇ ಉದುರಿಸುತ್ತದೆ. ದೂರದಿಂದ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಉಫ್ ಎಂದು ಊದಿದರೆ ಹಾರಿಹೋಗುವುದೆಲ್ಲ ಬರೀ ಹೊಟ್ಟು, ತಳದಲ್ಲಿ ನಾಲ್ಕು ಕಾಳೂ ಇರುವುದಿಲ್ಲ. ಊರಿಗೆ ಹೋಗುವಾಗ ಬಟ್ಟಲು ತುಂಬಿದೆ ಎಂದು ಬಿಟ್ಟುಹೋಗಿ ಹಕ್ಕಿಯನ್ನು ಕಳೆದುಕೊಂಡವರಿದ್ದಾರೆ. ಹೊಸ ಆಹಾರ ಕಲಿಸುವ ದಿನಗಳಲ್ಲಿ ದಿನವೂ ಊದಿ ನೋಡಬೇಕು, ಹಿಕ್ಕೆ ಎಣಿಕೆಯಲ್ಲಿ ಕಡಿಮೆಯಾಯಿತೇ ಎಂದು ನೋಡಬೇಕು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಹಕ್ಕಿಯನ್ನು ಕೂರಿಸಿ ತೂಕ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. 35 ಗ್ರಾಂ ಹಕ್ಕಿಯ ಮೈಯಿಂದ 3 ಗ್ರಾಂ ಹೋದರೂ ಅದು ಸಣ್ಣ ಮಾತಲ್ಲ. ಕೂಡಲೇ ಹಳೆಯ ಕಾಳಿಗೆ ಮರಳಬೇಕು.

ಸೊಪ್ಪು ತಿನ್ನಲು ಶುರುಮಾಡಿದ ಹಕ್ಕಿಯಿಂದಲೂ ಸೊಪ್ಪನ್ನು ಕಿತ್ತುಕೊಳ್ಳುವ ಒಂದು ಹೆದರಿಕೆಯಿದೆ. ಹಿಕ್ಕೆ ನೀರಾಗಿರುವುದನ್ನು ಕಂಡು, ಭೇದಿ ಹಿಡಿಯಿತು ಎಂದು ಮನೆಯವರು ಗಾಬರಿಯಾಗುತ್ತಾರೆ. ಸೊಪ್ಪಿನಲ್ಲಿ ಬಹುಪಾಲು ನೀರು. ಆ ನೀರು ಮೂತ್ರವಾಗಿ ಹೊರಬರಲೇಬೇಕು. ನಡುವಿನ ಹಸಿರು ಭಾಗ ಗಟ್ಟಿಯಾಗಿ ಸುರುಳಿಯಾಗಿದ್ದು, ಸುತ್ತ ತಿಳಿನೀರು ಹರಡಿದ್ದರೆ ಅದು ಭೇದಿಯಲ್ಲ. ಆ ಹಸಿರು ಭಾಗವೇ ಕದಡಿ ಹೋಗಿದ್ದರೆ, ಹಕ್ಕಿ ಗರಿ ಉಬ್ಬಿಸಿ ತೂಕಡಿಸುತ್ತಿದ್ದರೆ, ಆಗ ಚಿಂತಿಸಬೇಕು.

ಯಾವ ಸೊಪ್ಪು ಎಂದು ಕೇಳಿದರೆ, ನಾವು ತಿನ್ನುವ ಹೆಚ್ಚಿನವೆಲ್ಲ ಎನ್ನಬಹುದು. ಕೊತ್ತಂಬರಿ, ಮೆಂತ್ಯ, ನುಗ್ಗೆ, ಮೂಲಂಗಿ ಸೊಪ್ಪು ದಿನಬಳಕೆಗೆ ಆಗುತ್ತವೆ. ಪಾಲಕ್ ಮತ್ತು ದಂಟಿನಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ, ಅವು ಆಗೀಗ ಸಾಕು. ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಗೆಣಸು ಎ ಜೀವಸತ್ವಕ್ಕೆ ಒಳ್ಳೆಯವು. ದೊಣ್ಣೆಮೆಣಸಿನಕಾಯಿಯ ಬೀಜದ ಗೊಂಚಲನ್ನು ನಾವು ಎಸೆಯುತ್ತೇವೆ, ಬಡ್ಜಿಗೆ ಅದೇ ಪ್ರಿಯ. ಹಸಿಮೆಣಸಿನಕಾಯಿ ಕೊಟ್ಟರೂ ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಪಲ್ಯ, ಚಾಕೊಲೇಟ್ ಬೇಡವೇ ಬೇಡ. ಬೆಣ್ಣೆಹಣ್ಣು ಬಡ್ಜಿಗೆ ವಿಷ. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹೃದಯಕ್ಕೆ ಪೆಟ್ಟು ಕೊಟ್ಟು ಕೊಲ್ಲುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಈ ಮರ ಅಂಗಳದಲ್ಲೇ ಇರುತ್ತದೆ. ಅದರ ಎಲೆ, ತೊಗಟೆಯಲ್ಲೂ ವಿಷವಿರುವುದರಿಂದ ಕೊಂಬೆಯನ್ನು ಹಕ್ಕಿ ಕೂರಲು ಕಡಿದು ಹಾಕಬಾರದು. ಸಂತೆಯ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ ಎಂಬ ಭಯ ನಿಜವಾದದ್ದೇ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದು ಒಂದು ದಾರಿ; ಕುಂಡದಲ್ಲಿ ಹಿಡಿ ಧನಿಯಾ ಬಿತ್ತಿಕೊಂಡರೆ ಆ ಭಯವೇ ಇಲ್ಲ.

ಇದಕ್ಕೆಲ್ಲ ಖರ್ಚೆಷ್ಟು? ಹಕ್ಕಿಗೆ ದಿನಕ್ಕೆ ಬೇಕಾದ್ದು ಒಂದೆರಡು ಕಡ್ಡಿ ಸೊಪ್ಪು, ಒಂದು ಚಮಚ ತುರಿ. ಸಾರಿಗೆಂದು ತಂದ ಕಟ್ಟಿನಲ್ಲೇ ಅದು ಸಿಗುತ್ತದೆ. ಬೇಕಾಗಿರುವುದು ವಾರಗಟ್ಟಲೆ, ಕೆಲವು ಹಕ್ಕಿಗಳ ವಿಷಯದಲ್ಲಿ ತಿಂಗಳುಗಟ್ಟಲೆ, ತಿನ್ನದಿದ್ದರೂ ಬೇಸರಿಸದೆ ಬೆಳಿಗ್ಗೆ ಒಂದೆಸಳು ಸಿಕ್ಕಿಸುವ ಮನಸ್ಸು. ಮಕ್ಕಳಿಗೆ ಪಾಲಕ್ ತಿನ್ನಿಸಲು ಪಡುವ ಪಾಡಿನ ಕಾಲುಭಾಗವೂ ಇದರಲ್ಲಿಲ್ಲ.

ಆದರೂ ಈ ಕಷ್ಟದ ಬಹುಭಾಗ ಹುಟ್ಟುವುದು ಹಕ್ಕಿ ನಮ್ಮ ಮನೆಗೆ ಬರುವ ಮೊದಲೇ. ಗೂಡು ಬಿಟ್ಟು ಹೊರಬರುವ ಸುಮಾರು ಐದು ವಾರದ ಮರಿ ತಂದೆಯ ಹಿಂದೆಯೇ ಓಡಾಡುತ್ತ, ಅದು ಕುಕ್ಕಿದ್ದನ್ನೆಲ್ಲ ತಾನೂ ಕುಕ್ಕುತ್ತದೆ. ಕಲಿಕೆಗೆ ಅಷ್ಟು ಮೆದುವಾದ ಕಾಲ ಮತ್ತೆ ಬರುವುದಿಲ್ಲ. ಆ ದಿನಗಳಲ್ಲಿ ಪಂಜರದಲ್ಲಿ ಬರೀ ನವಣೆಯಿದ್ದರೆ ಮರಿಯ ಪಾಲಿಗೆ ಲೋಕದಲ್ಲಿ ಇರುವ ಆಹಾರ ಅದೊಂದೇ. ಮರಿ ಮಾಡಿಸಿ ಮಾರುವವರಲ್ಲಿ ಸೊಪ್ಪು, ಮೊಳಕೆ ಕೊಟ್ಟು ಬೆಳೆಸುವವರೂ ಇದ್ದಾರೆ, ಕೊಡದವರೂ ಇದ್ದಾರೆ. ಬಣ್ಣ ಯಾವುದು, ಜೋಡಿಗೆ ಎಷ್ಟು, ಮಾತು ಕಲಿಯುತ್ತದೆಯೇ ಎಂದು ಕೇಳುವ ಗಿರಾಕಿ, ಇದು ಏನು ತಿಂದು ಬೆಳೆದಿದೆ ಎಂದೂ ಕೇಳಬೇಕು. ಅಂಗಡಿಯವರು ಉತ್ತರ ಹೇಳಲಾರದಿದ್ದರೆ, ಮರಿಗಳಿರುವ ಆ ಪಂಜರಕ್ಕೆ ಅಲ್ಲೇ ಒಂದು ಕೊತ್ತಂಬರಿ ಕಟ್ಟು ತೂಗಿಸಿ ನೋಡಲು ಹೇಳಬಹುದು. ಯಾವ ಮರಿ ಮೊದಲು ಹತ್ತಿರ ಬರುತ್ತದೆಯೋ ಅದನ್ನು ತನ್ನಿ.